ಉದುರು ಅನ್ನಕ್ಕೆ ಬಾಸುಮತಿಯೇ ಬೇಕೆ?

ಪಾಟ್‌ಲಕ್‌ಗೆ "ಪುಳಿಯೋಗರೆ ನಿಮ್ಮದು" ಎಂದೊಡನೆ ಎಷ್ಟೋ ಮಂದಿ ಬಾಸುಮತಿ ಚೀಲಕ್ಕೆ ಕೈ ಹಾಕುತ್ತಾರೆ. ಸೋನಾ ಮಸೂರಿ ಮುದ್ದೆಯಾಗುತ್ತದಂತೆ! ನನಗಿದು ಒಪ್ಪಿಗೆಯಿಲ್ಲ. ಬಾಸುಮತಿಯ ಘಮ ಪಲಾವಿಗೆ ಸರಿ, ಹುಣಸೆ ಗೊಜ್ಜಿನ ಜೊತೆ ಜಗಳಕ್ಕೆ ನಿಲ್ಲುತ್ತದೆ.

ತಪ್ಪು ಅಕ್ಕಿಯದಲ್ಲ, ನೀರಿನದು. ಹಾಫ್‌ಮನ್ ಎಸ್ಟೇಟ್ಸ್‌ಗೆ ಬಂದ ಹೊಸದರಲ್ಲಿ ನಾನೂ ಅಮ್ಮನ ಲೆಕ್ಕದಂತೆ ಒಂದಕ್ಕೆ ಮೂರು ನೀರಿಟ್ಟು ಗಂಜಿ ಮಾಡಿಕೊಂಡವನೇ. ಅಮ್ಮನದು ವರ್ಷ ಕಳೆದ ಹಳೇ ಅಕ್ಕಿ, ಹೆಚ್ಚು ನೀರು ಕುಡಿಯುತ್ತದೆ. ನನ್ನ ಚೀಲದ್ದು ಹೊಸದು. ಈಗ ಹಿಟ್ಟು ಹೋಗುವಂತೆ ಮೂರು ಸಲ ತೊಳೆದು, ಒಂದಕ್ಕೆ ಎರಡಕ್ಕಿಂತ ತುಸು ಕಡಿಮೆ ನೀರಿಡುತ್ತೇನೆ. ಬೆಂದ ಮೇಲೆ 10 ನಿಮಿಷ ಮುಚ್ಚಳ ಮುಟ್ಟದೆ ಬಿಟ್ಟು, ಅಗಲ ತಟ್ಟೆಯಲ್ಲಿ ಎಳ್ಳೆಣ್ಣೆ ಹಾಕಿ ಆರಿಸುತ್ತೇನೆ.

ಇಲ್ಲಿಗೆ ಬಂದಿದ್ದ ಅಮ್ಮ ಮೆಚ್ಚಿಕೊಂಡರು. "ಮೊಸರಿಗೆ ಮಾತ್ರ ಬೇರೆ ಮೆತ್ತಗಿನ ಅನ್ನ ಇಡಪ್ಪಾ" ಎಂದರು.