ಗುಂಡಿನ ಮೂತಿ ಬಿಡಿ, ಕೈಯ ಗುರಿ ನೋಡಿ

ಕರಾವಳಿಯಲ್ಲಿ ಒಂದು ಕೊಲೆ ನಡೆದರೆ ಸಾಕು, ‘ಆತ್ಮರಕ್ಷಣೆಗೆ ನಮಗೂ ಪಿಸ್ತೂಲಿನ ಪರವಾನಗಿ ಕೊಡಿ’ ಎಂಬ ಮಾತು ಏಳುತ್ತದೆ. 2022ರ ಜುಲೈಯಲ್ಲಿ ಬೆಳ್ಳಾರೆ, ಸುರತ್ಕಲ್. 2025ರ ಮೇಯಲ್ಲಿ ಬಜಪೆ, ಕೊಳತ್ತಮಜಲು. ಊರಿನ ಹೆಸರು ಬದಲಾಗುತ್ತದೆ, ಭಯ ಬದಲಾಗುವುದಿಲ್ಲ. ಆ ಭಯ ಸುಳ್ಳೆಂದು ಯಾರೂ ಹೇಳಲಾರರು. ಅದಕ್ಕೆ ಮದ್ದು ಸೊಂಟದ ಪಿಸ್ತೂಲು ಎಂಬುದು ಮಾತ್ರ ಸುಳ್ಳು.

ಪರವಾನಗಿಯ ಮಾತಿನ ಹಿಂದೆಯೇ ಗುಂಡಿನ ಮಾತೂ ಬರುತ್ತದೆ. ಅಮೆರಿಕದ ವಿಡಿಯೊ ನೋಡಿ ಪಂಡಿತರಾದವರು ‘ಹಾಲೋ ಪಾಯಿಂಟ್ ಇದ್ದರೆ ಮಾತ್ರ ರಕ್ಷಣೆ’ ಎನ್ನುತ್ತಾರೆ. ಈ ಗುಂಡಿನ ಮೂತಿಯಲ್ಲಿ ಸಣ್ಣ ಕುಳಿ ಇರುತ್ತದೆ. ದೇಹ ಹೊಕ್ಕ ಕೂಡಲೇ ಅದು ಅಣಬೆಯಂತೆ ಅರಳಿ, ವೇಗ ಕಳೆದುಕೊಂಡು ಒಳಗೇ ನಿಲ್ಲುತ್ತದೆ. ಗಾಯ ದೊಡ್ಡದಾಗುತ್ತದೆ, ಆದರೆ ಗುಂಡು ಒಬ್ಬನನ್ನು ತೂರಿ ಹಿಂದಿದ್ದವನಿಗೆ ಬಡಿಯುವ ಸಂಭವ ಕಡಿಮೆ. ಈ ವಾದದಲ್ಲಿ ಹುರುಳಿದೆ. ನ್ಯೂಯಾರ್ಕ್ ಪೊಲೀಸರು 1998ರಲ್ಲಿ ಈ ಗುಂಡಿಗೆ ಬದಲಾಯಿಸಿದ್ದು ಇದೇ ಕಾರಣಕ್ಕೆ.

ದೇಹದೊಳಗೆ ಅರಳುವ ಗುಂಡಿನ ಚರಿತ್ರೆ ನಮ್ಮ ನೆಲದ್ದೂ ಹೌದು. 1890ರ ದಶಕದಲ್ಲಿ ವಾಯವ್ಯ ಗಡಿಯ ಪಠಾಣರ ಮೇಲೆ ಪ್ರಯೋಗಿಸಲು ಬ್ರಿಟಿಷರು ಕೋಲ್ಕತ್ತಾ ಬಳಿಯ ಡಂಡಂ ಶಸ್ತ್ರಾಗಾರದಲ್ಲಿ ಇಂಥದ್ದನ್ನು ತಯಾರಿಸಿದರು. 1899ರ ಹೇಗ್ ಸಮ್ಮೇಳನ ಯುದ್ಧದಲ್ಲಿ ಅದನ್ನು ನಿಷೇಧಿಸಿತು. ಆ ನಿಷೇಧ ಯುದ್ಧಭೂಮಿಗೆ ಮಾತ್ರ ಅನ್ವಯಿಸುವುದರಿಂದಲೇ ಪೊಲೀಸರ ಕೈಗೆ ಅದು ಮರಳಿ ಬಂತು.

ಸರಿ, ಪೊಲೀಸರ ಲೆಕ್ಕವನ್ನೇ ನೋಡೋಣ. 1998ರಿಂದ 2006ರವರೆಗಿನ ನ್ಯೂಯಾರ್ಕ್ ಪೊಲೀಸ್ ಗುಂಡಿನ ಚಕಮಕಿಗಳನ್ನು ರ‍್ಯಾಂಡ್ ಸಂಸ್ಥೆ ಪರಿಶೀಲಿಸಿತು. ಎದುರಾಳಿಯೂ ಗುಂಡು ಹಾರಿಸುತ್ತಿದ್ದಾಗ ಪೊಲೀಸರು ಗುರಿ ಮುಟ್ಟಿದ ಪ್ರಮಾಣ ಸುಮಾರು ಶೇ 18. ತರಬೇತಿ ಪಡೆದು, ಸಂಬಳಕ್ಕಾಗಿಯೇ ಬಂದೂಕು ಹಿಡಿದವರ ಕೈ ಇದು. 2012ರ ಆಗಸ್ಟ್‌ನಲ್ಲಿ ಎಂಪೈರ್ ಸ್ಟೇಟ್ ಕಟ್ಟಡದ ಎದುರು ಇಬ್ಬರು ಪೊಲೀಸರು ಒಬ್ಬ ಕೊಲೆಗಾರನತ್ತ 16 ಗುಂಡು ಹಾರಿಸಿದರು. ಅವನು ಸತ್ತ. ಜತೆಗೆ ಒಂಬತ್ತು ಮಂದಿ ದಾರಿಹೋಕರು ಗಾಯಗೊಂಡರು, ಕೆಲವರು ನೇರ ಗುಂಡಿನಿಂದ, ಉಳಿದವರು ಅದರ ಚೂರುಗಳಿಂದ. ಗುರಿ ತಪ್ಪಿದ ಗುಂಡಿಗೆ ಮೂತಿ ಹೇಗಿದ್ದರೇನು? ಇನ್ನು ವರ್ಷಕ್ಕೊಮ್ಮೆಯೂ ಟ್ರಿಗರ್ ಒತ್ತದ ನಮ್ಮ ವ್ಯಾಪಾರಿ, ಗುತ್ತಿಗೆದಾರ, ಪುಢಾರಿ ಮಂಗಳೂರಿನ ಹಂಪನಕಟ್ಟೆಯ ಸಂಜೆಯ ಜನಜಂಗುಳಿಯಲ್ಲಿ ಪಿಸ್ತೂಲು ಎಳೆದರೆ ಏನಾದೀತು?

ಅಲ್ಲದೆ, ಆ ವಿಡಿಯೊಗಳು ಹೊಗಳುವುದು ಬಹುತೇಕ 9 ಎಂಎಂ ಪಿಸ್ತೂಲನ್ನು. ನಮ್ಮ ಕಾನೂನಿನಲ್ಲಿ ಅದು ನಿಷೇಧಿತ ಬೋರ್. ಸಾಮಾನ್ಯ ಪರವಾನಗಿದಾರನಿಗೆ ಸಿಗುವುದು ಹೆಚ್ಚಾಗಿ .32. ಆ ಕಡಿಮೆ ಶಕ್ತಿಯ ಗುಂಡು ದೇಹದೊಳಗೆ ಅರಳುತ್ತದೆಂಬ ಭರವಸೆಯಿಲ್ಲ, ಅರಳಿದರೆ ಸಾಕಷ್ಟು ಆಳಕ್ಕೆ ಇಳಿಯುವುದೂ ಕಷ್ಟ. ಬೇರೆ ದೇಶದ, ಬೇರೆ ಬಂದೂಕಿನ ಚರ್ಚೆಯನ್ನು ಮಂಗಳೂರಿಗೆ ತಂದು ಕುಳಿತಿದ್ದೇವೆ.

ಇನ್ನು ಇಲ್ಲಿನ ದಾಳಿಗಳ ರೀತಿ. ಅಂಗಡಿಗೆ ಬಾಗಿಲು ಹಾಕಿ ಹೊರಡುವವನ ಮೇಲೆ, ವಾಹನ ಅಡ್ಡಗಟ್ಟಿ, ಲೋಡ್ ಇಳಿಸುತ್ತಿದ್ದವನ ಮೇಲೆ ತಲವಾರು ಬೀಸುತ್ತಾರೆ. ಹೊತ್ತು, ಜಾಗ ಎರಡನ್ನೂ ಆರಿಸುವವರು ಅವರು. ಸೊಂಟಕ್ಕೆ ಕೈ ಹೋಗುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ಇಲ್ಲಿ ಜೀವ ಉಳಿಸಬಲ್ಲದ್ದು ಮೊದಲೇ ಸಿಗುವ ಗುಪ್ತ ಮಾಹಿತಿ, ಬೆದರಿಕೆಯ ದೂರನ್ನು ಗಂಭೀರವಾಗಿ ತೆಗೆದುಕೊಳ್ಳುವ ಠಾಣೆ, ಸೇಡಿನ ಸರಪಳಿ ಕಡಿಯುವ ತನಿಖೆ. ಇವು ಸರ್ಕಾರದ ಹೊಣೆ. ಪಿಸ್ತೂಲು ಕೊಟ್ಟು ‘ನಿನ್ನನ್ನು ನೀನೇ ನೋಡಿಕೋ’ ಎನ್ನುವುದು ಆ ಹೊಣೆಯಿಂದ ಜಾರಿಕೊಳ್ಳುವ ದಾರಿ. 2025ರ ಮೇಯಲ್ಲಿ ಅಸ್ಸಾಂ ಸರ್ಕಾರ ಸೂಕ್ಷ್ಮ ಪ್ರದೇಶಗಳ ಮೂಲನಿವಾಸಿಗಳಿಗೆ ಶಸ್ತ್ರ ಪರವಾನಗಿ ಕೊಡಲು ತೀರ್ಮಾನಿಸಿ ಹಿಡಿದದ್ದು ಅದೇ ದಾರಿ. ನಮಗೆ ಆ ಮೇಲ್ಪಂಕ್ತಿ ಬೇಡ.

ಪರವಾನಗಿ ಪಡೆದ ಪಿಸ್ತೂಲು ನಿಜವಾಗಿ ಎಲ್ಲಿ ಸಿಡಿಯುತ್ತದೆ? 2021ರ ಅಕ್ಟೋಬರ್‌ನಲ್ಲಿ ಮಂಗಳೂರಿನ ಮೋರ್ಗನ್ಸ್ ಗೇಟ್ ಬಳಿ ಬಾಕಿ ಸಂಬಳ ಕೇಳಲು ಬಂದ ನೌಕರರೊಂದಿಗೆ ಜಗಳವಾಯಿತು. ಪೊಲೀಸರು ಹೇಳಿದಂತೆ, ಮಾಲೀಕ ಹಾರಿಸಿದ ಗುಂಡು ತಗುಲಿದ್ದು ಆತನದೇ ಹದಿಹರೆಯದ ಮಗನಿಗೆ. ಹುಡುಗ ಆಸ್ಪತ್ರೆಯಲ್ಲಿ ತೀರಿಕೊಂಡ. ತಲವಾರು ಹಿಡಿದ ಹಂತಕರು ಅಲ್ಲಿರಲಿಲ್ಲ. ಇದ್ದದ್ದು ಸಿಟ್ಟು, ಕೈಗೆಟುಕುವಂತಿದ್ದ ಬಂದೂಕು. ಆ ಗುಂಡು ಯಾವ ಬಗೆಯದಾಗಿದ್ದರೆ ಹುಡುಗ ಉಳಿಯುತ್ತಿದ್ದ ಎಂದು ಹಾಲೋ ಪಾಯಿಂಟ್ ಪಂಡಿತರು ಹೇಳಲಿ.

ಕಾನೂನು ಸ್ವರಕ್ಷಣೆಯ ಹಕ್ಕನ್ನು ಕೊಟ್ಟಿದೆ, ಗಡಿಯನ್ನೂ ಹಾಕಿದೆ. ಭಾರತೀಯ ನ್ಯಾಯ ಸಂಹಿತೆಯ 37ನೇ ಕಲಮಿನ ಪ್ರಕಾರ, ರಕ್ಷಣೆಗೆ ಅಗತ್ಯವಾದುದಕ್ಕಿಂತ ಹೆಚ್ಚು ಹಾನಿ ಮಾಡುವ ಹಕ್ಕು ಯಾರಿಗೂ ಇಲ್ಲ. ಹೆಚ್ಚು ಗಾಯ ಮಾಡುವ ಗುಂಡನ್ನು ಹುಡುಕುವವರು ಇದನ್ನೂ ಓದಿಕೊಳ್ಳಬೇಕು.

ಇಲ್ಲಿ ಕೃಷಿಕರ ಕೋವಿಯನ್ನು ಎಳೆದು ತರುವುದು ಬೇಡ. ಸುಳ್ಯ, ಬೆಳ್ತಂಗಡಿಯ ತೋಟಕ್ಕೆ ನುಗ್ಗುವ ಹಂದಿ, ಮಂಗಗಳ ಕಾಟಕ್ಕೆ ಅದು ಬೇಕು. ಚುನಾವಣೆ ಬಂದಾಗ ಕೋವಿ ಹೊತ್ತು ಠಾಣೆಗೆ ಅಲೆಯುವವರೂ ಅವರೇ. ಬೆಳೆ ಕಾಯುವ ಕೋವಿಗೂ ಪ್ರತಿಷ್ಠೆಗೆ ಸೊಂಟದಲ್ಲಿ ತೂಗುವ ಪಿಸ್ತೂಲಿಗೂ ಒಂದೇ ನ್ಯಾಯ ಸಲ್ಲದು.

ಮಂಗಳೂರು ನಗರದಲ್ಲಿ ಪರವಾನಗಿ ಕೊಡುವ ಅಧಿಕಾರ ಪೊಲೀಸ್ ಕಮಿಷನರ್ ಅವರದು. 2016ರ ಶಸ್ತ್ರಾಸ್ತ್ರ ನಿಯಮಗಳು ತರಬೇತಿಯನ್ನೂ ಸುರಕ್ಷಿತ ಸಂಗ್ರಹವನ್ನೂ ಕೇಳುತ್ತವೆ. ಅವು ಕಾಗದದಲ್ಲೇ ಉಳಿಯಬಾರದು. ಹೊಸ ಅರ್ಜಿಗೆ ಬೆದರಿಕೆಯ ನಿಜವಾದ ಪುರಾವೆ ಇರಲಿ. ನವೀಕರಣಕ್ಕೆ ಬಂದವರು ರೇಂಜಿನಲ್ಲಿ ಗುರಿ ತೋರಿಸಲಿ. ಪಿಸ್ತೂಲು ಮಕ್ಕಳ ಕೈಗೆ ಸಿಗದಂತೆ ಬೀಗದೊಳಗಿದೆಯೇ ಎಂದು ಪೊಲೀಸರು ಮನೆಗೆ ಹೋಗಿ ನೋಡಲಿ. ಈ ಮೂರಕ್ಕೂ ಒಪ್ಪದವರ ಅರ್ಜಿಯನ್ನು ಕಮಿಷನರ್ ತಿರಸ್ಕರಿಸಲಿ, ಅರ್ಜಿದಾರ ಯಾವ ಪಕ್ಷದವರಾದರೂ ಸರಿ, ಯಾವ ಧರ್ಮದವರಾದರೂ ಸರಿ.