ಚಿಕ್ಕ ಬ್ಯಾಟರಿಯೋ ದೊಡ್ಡ ಬ್ಯಾಟರಿಯೋ? ಕಿಲೋಮೀಟರ್ ಬಿಡಿ, ಕರೆಂಟಿನ ಗಂಟೆ ಎಣಿಸಿ

ಗಂಗೊಳ್ಳಿ, ಹೆಮ್ಮಾಡಿ, ವಂಡ್ಸೆ ಕಡೆಯ ಯುವ ಕೃಷಿಕರು ಈಗ ಜೀವಾಮೃತದ ಬಗ್ಗೆ ಕೇಳುವಷ್ಟೇ ಸಲ ಕರೆಂಟ್ ಗಾಡಿಯ ಬಗ್ಗೆಯೂ ಕೇಳುತ್ತಾರೆ. ಗಾಡಿ ಬೇಕಾ ಬೇಡ್ವಾ ಅನ್ನುವ ಪ್ರಶ್ನೆ ಮುಗಿದಿದೆ. ಈಗಿನ ಪ್ರಶ್ನೆಯೇ ಬೇರೆ: "ಅಕ್ಕಾ, 2.9 ತಕಂಬ್ದಾ, 3.7 ತಕಂಬ್ದಾ?"

ಉತ್ತರ ಮೊದಲೇ ಹೇಳಿಬಿಡುತ್ತೇನೆ. ದೂರಕ್ಕಾಗಿ ದೊಡ್ಡ ಬ್ಯಾಟರಿ ತೆಗೆದುಕೊಳ್ಳುವ ಅಗತ್ಯ ನಮ್ಮಲ್ಲಿ ಹೆಚ್ಚಿನವರಿಗೆ ಇಲ್ಲ. ಆದರೆ ನಿಮ್ಮ ಮನೆಯಲ್ಲಿ ಮಳೆಗಾಲದಲ್ಲಿ ಕರೆಂಟ್ ಎಷ್ಟು ಹೊತ್ತು ಇರುತ್ತದೆ ಅನ್ನುವುದನ್ನು ನೋಡದೆ ಚಿಕ್ಕದನ್ನೂ ತೆಗೆದುಕೊಳ್ಳಬೇಡಿ.

ಎರಡರ ನಡುವೆ ನಿಜವಾದ ವ್ಯತ್ಯಾಸ ಏನು?

ಉದಾಹರಣೆಗೆ ಬೆಂಗಳೂರಿನ ಏಥರ್ ಕಂಪೆನಿಯ ರಿಜ್ಟಾ ತೆಗೆದುಕೊಳ್ಳೋಣ. 2024ರ ಏಪ್ರಿಲ್‌ನಲ್ಲಿ ಇದು ಬಂದಾಗ ಝಡ್ ಮಾದರಿಯಲ್ಲಿ ಎರಡು ಬ್ಯಾಟರಿ ಇತ್ತು. 2.9 ಕಿಲೋವ್ಯಾಟ್ ಅವರ್‌ನದ್ದಕ್ಕೆ ಎಕ್ಸ್-ಶೋರೂಮ್ ಬೆಲೆ 1.25 ಲಕ್ಷ ರೂಪಾಯಿ, 3.7ರದ್ದಕ್ಕೆ 1.45 ಲಕ್ಷ. ಈಗಿನ ಬೆಲೆಯನ್ನು ಶೋರೂಮಿನಲ್ಲಿ ಕೇಳಿ, ಲೆಕ್ಕ ಹಾಕುವ ಕ್ರಮ ಮಾತ್ರ ಇದೇ. ಕಿಲೋವ್ಯಾಟ್ ಅವರ್ ಅಂದರೆ ನಮ್ಮ ಕರೆಂಟ್ ಬಿಲ್ಲಿನ ಯೂನಿಟ್ಟೇ. ಒಂದರಲ್ಲಿ 2.9 ಯೂನಿಟ್ ಹಿಡಿಯುತ್ತದೆ, ಇನ್ನೊಂದರಲ್ಲಿ 3.7.

ಮೋಟಾರ್ ಎರಡಕ್ಕೂ ಒಂದೇ, 4.3 ಕಿಲೋವ್ಯಾಟ್. ಗರಿಷ್ಠ ವೇಗ ಎರಡಕ್ಕೂ ಗಂಟೆಗೆ 80 ಕಿ.ಮೀ. ಸೀಟಿನಡಿಯ ಜಾಗವೂ ಒಂದೇ, 34 ಲೀಟರ್. ಅಂದರೆ ದೊಡ್ಡ ಬ್ಯಾಟರಿ ಹಾಕಿಸಿದರೆ ಗಾಡಿ ಹೆಚ್ಚು ಭಾರ ಎಳೆಯುತ್ತದೆ, ಏರು ಚೆನ್ನಾಗಿ ಹತ್ತುತ್ತದೆ ಅನ್ನುವುದು ತಪ್ಪು ಕಲ್ಪನೆ.

ದೂರದ ವಿಷಯಕ್ಕೆ ಬನ್ನಿ. ಪರೀಕ್ಷೆಯ ಲೆಕ್ಕದಲ್ಲಿ 123 ಮತ್ತು ಸುಮಾರು 160 ಕಿ.ಮೀ. ಅಂತ ಇದೆ. ರಸ್ತೆಯಲ್ಲಿ ನಿಜವಾಗಿ ಸಿಗುವುದು 105 ಮತ್ತು 125 ಅಂತ ಕಂಪೆನಿಯೇ ಹೇಳಿತ್ತು. 20 ಕಿಲೋಮೀಟರಿಗೆ 20,000 ರೂಪಾಯಿ. ಕಿಲೋಮೀಟರಿಗೆ ಸಾವಿರ!

ನಮ್ಮ ದಾರಿ ಎಷ್ಟು ಉದ್ದ?

ಗಂಗೊಳ್ಳಿಯಲ್ಲಿ ನಿಂತರೆ ಹೊಳೆಯಾಚೆ ಕುಂದಾಪುರ ಕಣ್ಣೆದುರೇ ಕಾಣುತ್ತದೆ. ಆದರೆ ಗಾಡಿಯಲ್ಲಿ ಹೋಗಬೇಕಾದರೆ ಹೆದ್ದಾರಿಗೆ ಹತ್ತಿ, ಹೆಮ್ಮಾಡಿಯ ಮೇಲೆ ಸುತ್ತಿಯೇ ಹೋಗಬೇಕು. ಹೋಗಿ ಬರಲು ಸುಮಾರು 35 ಕಿ.ಮೀ. ಬೈಂದೂರಿಗೆ ಹೋಗಿ ಬಂದರೆ 50 ದಾಟುತ್ತದೆ. ಕೊಲ್ಲೂರಿಗಾದರೆ 90ರ ಹತ್ತಿರ.

ಹಿಂದೆ ಎರಡು ಟ್ರೇ ತರಕಾರಿ ಕಟ್ಟಿಕೊಂಡು, ಎದುರುಗಾಳಿಯಲ್ಲಿ ಹೋಗುವವರು ಕಂಪೆನಿ ಹೇಳಿದ್ದರಲ್ಲಿ ಶೇ 30 ಕಳೆಯಿರಿ ಅಂತ ನನ್ನ ಸಲಹೆ. ಆಗ ಚಿಕ್ಕದರಲ್ಲಿ 73, ದೊಡ್ಡದರಲ್ಲಿ 87 ಉಳಿಯುತ್ತದೆ. ಕುಂದಾಪುರ, ಬೈಂದೂರು ಎರಡಕ್ಕೂ ಚಿಕ್ಕದೇ ಸಾಕು. ಇನ್ನು ಹೇರು ಕಟ್ಟಿಕೊಂಡು ಕೊಲ್ಲೂರಿಗೆ ಹೋಗಿ ಬರಲು ದೊಡ್ಡದರಲ್ಲೂ ಧೈರ್ಯ ಸಾಲದು, ಅಲ್ಲಿ ಚಾರ್ಜ್ ಮಾಡಿಕೊಂಡೇ ಹೊರಡಬೇಕು. ಹಾಗಾದರೆ ದೂರದ ಲೆಕ್ಕದಲ್ಲಿ ಆ 20,000 ಎಲ್ಲಿ ಉಪಯೋಗಕ್ಕೆ ಬಂತು ಮಾರಾಯ್ರೆ?

ಪೆಟ್ರೋಲ್ ಉಳಿತಾಯ ಎರಡರಲ್ಲೂ ಒಂದೇ

"ದೊಡ್ಡದು ತಕೊಂಡ್ರೆ ಪೆಟ್ರೋಲ್ ಉಳಿತಾಯದಲ್ಲಿ ದುಡ್ಡು ವಾಪಸ್ ಬರ್ತದೆ" ಅನ್ನುವವರಿದ್ದಾರೆ. ಬರುವುದಿಲ್ಲ. ದಿನಕ್ಕೆ 40 ಕಿ.ಮೀ.ನಂತೆ ತಿಂಗಳಿಗೆ 26 ದಿನ ಓಡಿಸಿದರೆ 1,040 ಕಿ.ಮೀ. ಲೀಟರಿಗೆ 45 ಕೊಡುವ ಸ್ಕೂಟರಿಗೆ 23 ಲೀಟರ್ ಬೇಕು. ಲೀಟರಿಗೆ 100 ರೂ. ಅಂತ ಹಿಡಿದರೂ 2,300 ರೂ. ಆಯಿತು. ಕರೆಂಟ್ ಗಾಡಿಗೆ ಚಾರ್ಜಿಂಗ್‌ನಲ್ಲಿ ಪೋಲಾಗುವುದೂ ಸೇರಿ ಸುಮಾರು 35 ಯೂನಿಟ್ ಸಾಕು. ಯೂನಿಟ್ಟಿಗೆ 6 ರೂ. ಹಿಡಿದರೆ 210. ತಿಂಗಳಿಗೆ ಎರಡು ಸಾವಿರದಷ್ಟು ಉಳಿಯಿತು. ಆದರೆ ಚಿಕ್ಕದರಲ್ಲೂ ದೊಡ್ಡದರಲ್ಲೂ ಉಳಿಯುವುದು ಹೆಚ್ಚುಕಡಿಮೆ ಅಷ್ಟೇ. ನೀವು ಓಡಿಸುವ ದೂರ ಒಂದೇ ತಾನೇ?

ಗೃಹಜ್ಯೋತಿ ಇದೆಯಲ್ಲ, ಚಾರ್ಜಿಂಗ್ ಫ್ರೀ ಅಂದುಕೊಳ್ಳಬೇಡಿ. ಅದರ ಮಿತಿ 2022-23ರ ನಿಮ್ಮ ಸರಾಸರಿ ಬಳಕೆಯ ಮೇಲೆ ನಿಂತಿದೆ. ಮಿತಿ ಮೀರಿದ ಯೂನಿಟ್ಟಿಗೆ ದುಡ್ಡು ಕೊಡಬೇಕು, ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲೇ ಬರುತ್ತದೆ. ಈಗಾಗಲೇ 170-180ರಲ್ಲಿ ಇರುವ ಮನೆಯವರು ಮೊದಲು ಕಳೆದ ಆರು ತಿಂಗಳ ಬಿಲ್ ತೆಗೆದು ನೋಡಿ. ಹಾಗಂತ ತೋಟದ ಪಂಪಿನ ಲೈನಿನಿಂದ ಚಾರ್ಜ್ ಮಾಡಲು ಹೋಗಬೇಡಿ. ಆ ಕನೆಕ್ಷನ್ ಇರುವುದು ನೀರೆತ್ತುವುದಕ್ಕೆ ಮಾತ್ರ.

ದೊಡ್ಡದು ಗೆಲ್ಲುವುದು ಆಷಾಢದಲ್ಲಿ

ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿಯುತ್ತದೆ. ಗಾಳಿಗೆ ಮರ ಬಿದ್ದು ತಂತಿ ಹರಿದರೆ ಒಳನಾಡಿನ ಮನೆಗಳಲ್ಲಿ ಒಂದು ರಾತ್ರಿ, ಕೆಲವೊಮ್ಮೆ ಎರಡು ರಾತ್ರಿ ಕತ್ತಲೆ. ನಡುವೆ ಎರಡು ಗಂಟೆ ಕರೆಂಟ್ ಬಂದರೆ ಅದೇ ಪುಣ್ಯ.

ಈಗ ಬ್ರೋಷರ್‌ನ ಸಣ್ಣ ಅಕ್ಷರ ನೋಡಿ. ಮನೆಯಲ್ಲಿ ಶೇ 80ರಷ್ಟು ತುಂಬಲು ಚಿಕ್ಕ ಬ್ಯಾಟರಿಗೆ 6 ಗಂಟೆ 40 ನಿಮಿಷ ಬೇಕು, ದೊಡ್ಡದಕ್ಕೆ 4 ಗಂಟೆ 30 ನಿಮಿಷ. ದೊಡ್ಡ ಕೊಡಪಾನ ಬೇಗ ತುಂಬುವುದು ಹೇಗೆ? ನಲ್ಲಿ ದಪ್ಪ ಇದ್ದರೆ ತುಂಬುತ್ತದೆ. ಇಲ್ಲಿ ಜೊತೆಗೆ ಬರುವ ಚಾರ್ಜರ್ ಬೇರೆ. ಲೆಕ್ಕ ಹಾಕಿದರೆ, ಎರಡು ಗಂಟೆ ಕರೆಂಟಿನಲ್ಲಿ ಚಿಕ್ಕದಕ್ಕೆ ಸುಮಾರು 25 ಕಿ.ಮೀ. ಓಡುವಷ್ಟು ತುಂಬುತ್ತದೆ, ದೊಡ್ಡದಕ್ಕೆ 44 ಕಿ.ಮೀ. ಓಡುವಷ್ಟು. ಬರೀ 25ರಲ್ಲಿ ಗಂಗೊಳ್ಳಿಯಿಂದ ಕುಂದಾಪುರಕ್ಕೆ ಹೋಗಿ ಬರಲಾಗುವುದಿಲ್ಲ. 44ರಲ್ಲಿ ಆಗುತ್ತದೆ. ಅದಕ್ಕೇ ಶೋರೂಮಿನಲ್ಲಿ "ಎಷ್ಟು ಕಿಲೋಮೀಟರ್ ಹೋಗ್ತದೆ" ಅಂತ ಕೇಳುವ ಮೊದಲು "ಯಾವ ಚಾರ್ಜರ್ ಕೊಡ್ತೀರಿ, ಗಂಟೆಗೆ ಎಷ್ಟು ತುಂಬ್ತದೆ" ಅಂತ ಕೇಳಿ.

ಕೊಯ್ದಿಟ್ಟ ಹರಿವೆ, ಬಸಳೆ ಕರೆಂಟ್ ಬರುವವರೆಗೆ ಕಾಯುವುದಿಲ್ಲ. ಒಂದು ದಿನ ತಪ್ಪಿದರೆ ಆ ದಿನದ ದುಡ್ಡೂ ಹೋಯಿತು, ಕಾದು ಕುಳಿತ ಗಿರಾಕಿಯೂ ಹೋದರು. 20,000 ಸಾಲಕ್ಕೆ ಶೇ 10ರ ಬಡ್ಡಿಯಲ್ಲಿ, 3 ವರ್ಷಕ್ಕೆ ಕಂತು ತಿಂಗಳಿಗೆ ಸುಮಾರು 645 ರೂ. ವರ್ಷಕ್ಕೆ 7,740. ಒಂದು ಟ್ರಿಪ್ಪಿಗೆ 1,500 ರೂ. ಸಿಗುವವರಿಗೆ ವರ್ಷದಲ್ಲಿ ಐದಾರು ಟ್ರಿಪ್ ತಪ್ಪುತ್ತದೆ ಅಂತಾದರೆ ದೊಡ್ಡ ಬ್ಯಾಟರಿ ತನ್ನ ಕಂತನ್ನು ತಾನೇ ಕಟ್ಟುತ್ತದೆ. ಅಷ್ಟು ತಪ್ಪದಿದ್ದರೆ ಕಟ್ಟುವುದಿಲ್ಲ. ಇದೇ ನನ್ನ ಅಳತೆಗೋಲು.

ಈ ಎರಡೂ ಬೇಡದವರು

ರಿಜ್ಟಾದ ಬ್ಯಾಟರಿಯನ್ನು ಕಳಚಿ ಮನೆಯೊಳಗೆ ತರಲಾಗದು. ಕುದ್ರುವಿನಲ್ಲಿ ಮನೆಯಿದ್ದು ಗಾಡಿಯನ್ನು ಈಚೆ ದಡದಲ್ಲಿ ನಿಲ್ಲಿಸುವವರಿಗೆ, ಮನೆಗೆ ಹೋಗಲು ಸಂಕ ದಾಟಬೇಕಾದವರಿಗೆ 2.9ಕ್ಕೂ 3.7ಕ್ಕೂ ವ್ಯತ್ಯಾಸವೇ ಇಲ್ಲ. ಅವರು ಹೀರೋ ವಿಡಾದಂತೆ ಕೈಯಲ್ಲಿ ಎತ್ತಿಕೊಂಡು ಹೋಗುವ ಬ್ಯಾಟರಿಯ ಗಾಡಿಗಳನ್ನು ನೋಡಲಿ.

ಸಮುದ್ರದ ಬದಿಯವರಿಗೆ ಒಂದು ಮಾತು. ಉಪ್ಪುಗಾಳಿಗೆ ಬ್ಯಾಟರಿ ಚಿಕ್ಕದು ದೊಡ್ಡದು ಅನ್ನುವ ಭೇದ ಇಲ್ಲ. ಚಾರ್ಜರ್ ಮನೆಯೊಳಗೆ ಇರಲಿ, ಪ್ಲಗ್ಗಿಗೆ ಸರಿಯಾದ ಅರ್ಥಿಂಗ್ ಇರಲಿ, ಗಾಡಿಯನ್ನು ಆಗಾಗ ಸಿಹಿನೀರಿನಲ್ಲಿ ತೊಳೆದು ಒರೆಸಿ.

ಹಾಗಾದರೆ ಯಾರಿಗೆ ಯಾವುದು?

ಗಂಗೊಳ್ಳಿ, ತ್ರಾಸಿ, ಹೆಮ್ಮಾಡಿ ಪೇಟೆಯ ಹತ್ತಿರ ಮನೆ, ದಿನದ ಓಡಾಟ 50ರ ಒಳಗೆ, ಕರೆಂಟ್ ಹೋದರೂ ಅದೇ ದಿನ ಬರುತ್ತದೆ ಅನ್ನುವವರು ಕಣ್ಣುಮುಚ್ಚಿ ಚಿಕ್ಕದು ತೆಗೆದುಕೊಳ್ಳಿ. ಬ್ಯಾಟರಿ ಹಳತಾಗಿ ಶೇ 70ಕ್ಕೆ ಇಳಿದರೂ 105ರಲ್ಲಿ 73 ಉಳಿಯುತ್ತದೆ, ಆಗಲೂ ಹೇರು ಕಟ್ಟಿಕೊಂಡು ಕುಂದಾಪುರಕ್ಕೆ ಹೋಗಿ ಬರಬಹುದು. ಉಳಿದ 20,000 ಹನಿ ನೀರಾವರಿ ಪೈಪಿಗೋ ನೆರಳುಬಲೆಗೋ ಹೋಗಲಿ.

ವಂಡ್ಸೆಯಿಂದ ಮೇಲೆ, ಕೊಲ್ಲೂರು, ಹೊಸಂಗಡಿ ಕಡೆಯ ಮನೆ, ಮಳೆಗಾಲದಲ್ಲೂ ವಾರಕ್ಕೆ ಮೂರು ದಿನ ಸೊಪ್ಪು-ತರಕಾರಿ ಇಳಿಸಲೇಬೇಕು, ಬೇರೆ ಗಾಡಿ ಇಲ್ಲ ಅನ್ನುವವರು ದೊಡ್ಡದು ತೆಗೆದುಕೊಳ್ಳಿ. ಹಳೆಯ ಪೆಟ್ರೋಲ್ ಗಾಡಿ ಮನೆಯಲ್ಲಿ ಇದ್ದರೆ ಒಂದು ಮಳೆಗಾಲ ಕಳೆಯುವವರೆಗೆ ಮಾರಬೇಡಿ. ಅದು ಇರುವಾಗ ಚಿಕ್ಕದೇ ಸಾಕು.

ಬುಕ್ ಮಾಡುವ ಮೊದಲು ಒಂದು ಕೆಲಸ ಮಾಡಿ. ಈ ಜುಲೈ ತಿಂಗಳಿಡೀ ಮೊಬೈಲಿನ ನೋಟ್ಸ್‌ನಲ್ಲಿ ದಿನಾ ಎರಡು ಅಂಕಿ ಬರೆದಿಡಿ: ಇವತ್ತು ಎಷ್ಟು ಕಿ.ಮೀ. ಓಡಿದೆ, ರಾತ್ರಿ ಎಷ್ಟು ಗಂಟೆ ಕರೆಂಟ್ ಇತ್ತು. ಮೂವತ್ತೊಂದು ದಿನ ಆದ ಮೇಲೆ ಯಾವುದು ತಕಂಬ್ದ್ ಅಂತ ನನ್ನ ಹತ್ತಿರ ಕೇಳುವ ಅಗತ್ಯವೇ ಬರುವುದಿಲ್ಲ.