ನೂರೆಂಟು ದಿನ ನೆನಪಿದೆ, ಮೂವತ್ತೊಂದು ವರ್ಷ?

ವೀರಪ್ಪನ್ ಅಂದ್ರೆ ಇಲ್ಲಿ ವಿಮಾನ ನಗರದ ಕನ್ನಡಿಗರಿಗೆ ಥಟ್ಟನೆ ನೆನಪಾಗೋದು 2000ದಲ್ಲಿ ಅಣ್ಣಾವ್ರು ಕಾಡಿನಲ್ಲಿ ಕಳೆದ 108 ದಿನ. ಸಹಜ ಬಿಡಿ. ಆದರೆ ಅವನನ್ನು ಹುಡುಕುವ ನೆಪದಲ್ಲಿ ಎಸ್‌ಟಿಎಫ್ ತಮ್ಮನ್ನು ಹಿಂಸಿಸಿತು ಅಂತ ಮಲೆ ಮಹದೇಶ್ವರ ಬೆಟ್ಟದ ಸುತ್ತಲಿನ ಹೆಂಗಸರು ನ್ಯಾಯಮೂರ್ತಿ ಸದಾಶಿವ ಸಮಿತಿ ಮುಂದೆ ಬಂದು ಹೇಳಿದ್ದು ಎಷ್ಟು ಜನಕ್ಕೆ ಗೊತ್ತು? 2007ರಲ್ಲಿ ಮಾನವ ಹಕ್ಕು ಆಯೋಗ 89 ಮಂದಿಗೆ 2.80 ಕೋಟಿ ರೂಪಾಯಿ ಪರಿಹಾರ ಕೊಡಿ ಅಂದಿತು.

ಗಡಿಯಾಚೆ ಧರ್ಮಪುರಿ ಜಿಲ್ಲೆಯ ವಾಚಾತಿಯದ್ದೂ ಗಂಧದ ಮರದ ಕಥೆಯೇ. 1992ರ ಜೂನ್ 20ರಂದು ದಾಳಿಗೆ ಬಂದ ಅರಣ್ಯ, ಪೊಲೀಸ್ ಸಿಬ್ಬಂದಿಯಿಂದ 18 ಹೆಂಗಸರ ಮೇಲೆ ಅತ್ಯಾಚಾರ ನಡೆಯಿತು, ಊರೇ ಹಾಳಾಯಿತು. ಅದೇ ಹೆಂಗಸರು ಮರಳಿ ಬಂದು ಮನೆ ಎಬ್ಬಿಸಿದರು, ಕೋರ್ಟಿನಲ್ಲಿ ಬೆರಳು ಮಾಡಿ ತೋರಿಸಿದರು. 2011ರಲ್ಲಿ 215 ಮಂದಿಗೆ ಶಿಕ್ಷೆಯಾಯಿತು, 2023ರಲ್ಲಿ ಹೈಕೋರ್ಟು ಎತ್ತಿಹಿಡಿಯಿತು. ಬುಡಕಟ್ಟು ಸಂಘದವರು, ವಕೀಲರು ಅಷ್ಟೂ ವರ್ಷ ಜತೆಗಿದ್ದರು.

ನಮಗೆ ನೆರವು ಅಂದರೆ ಕಂಬಳಿ, ಹೊಲಿಗೆ ಯಂತ್ರ. ಮುಂದೆ ನಿಂತು ಊರು ಕಟ್ಟುವ ಹೆಂಗಸಿಗೆ ಬೇಕಾಗೋದು ಕೋರ್ಟಿಗೆ ಬಸ್ ಚಾರ್ಜು, ಅವತ್ತು ತಪ್ಪಿದ ಕೂಲಿ, ವಕೀಲರ ಫೀಸು. ಅದೂ ವರ್ಷಗಟ್ಟಲೆ. ನಮ್ಮ ಸಂಘಗಳು ಇದಕ್ಕೆ ದುಡ್ಡು ಎತ್ತಬೇಕು ಅಂತೀನಿ. ಫೋಟೋ ಎಲ್ಲಿ ಬರುತ್ತೆ ಸ್ವಾಮಿ ಅಂತ ಕೇಳೋರೂ ಇದ್ದಾರೆ.